ಮರಿನೆತ್ ಟ್ಯಾಕ್ಸಿಯ ಮುಂದಿನ ಸೀಟು

ಇನ್ನೂ ಬೆಳಕು ಹರಿದಿಲ್ಲ. ಗಾಸ್ತೋಂ ಅವರ ಅಂಗಳದಲ್ಲಿ ಮರಿನೆತ್ ತಮ್ಮ ಬಿಳಿ ಟ್ಯಾಕ್ಸಿಯ ಗಾಜಿಗೆ ಕಟ್ಟಿದ ಹಿಮ ಕೆರೆಯುತ್ತಿದ್ದಾರೆ. ಹಾರ್ನ್ ಹೊಡೆಯುವುದಿಲ್ಲ, ಬಾಗಿಲು ತಟ್ಟುವುದೂ ಇಲ್ಲ. "ಕಾಯಿಲೆ ಇರೋ ಮನೆ ಮುಂದೆ ಹಾರ್ನ್ ಹೊಡೆದ್ರೆ ಸಾವೇ ಬಂದು ಕರೆದ ಹಾಗಿರುತ್ತೆ. ಬರ್ತಾರೆ ಬಿಡಿ, ಅವಸರ ಏನು?" ಎನ್ನುತ್ತಾರೆ. ಕೊಟ್ಟಿಗೆಯಲ್ಲಿ ಹಸುವೊಂದು ಅಂಬಾ ಎನ್ನುತ್ತದೆ. ಸ್ವಲ್ಪ ಹೊತ್ತಿಗೆ ಮೂಗುಬಾಯಿ ಮುಚ್ಚುವ ಮಾಸ್ಕ್ ಹಾಕಿಕೊಂಡು, ಕಿವಿವರೆಗೆ ಟೋಪಿ ಎಳೆದುಕೊಂಡು ಗಾಸ್ತೋಂ ಬರುತ್ತಾರೆ. ಹಿಂದೆಯೇ ಅವರ ತಂಗಿ ಒದೀಲ್. ಆಕೆ ಬಟ್ಟೆಯಲ್ಲಿ ಸುತ್ತಿದ ಚೀಸ್ ತುಂಡೊಂದನ್ನು ಮರಿನೆತ್ ಕೈಗಿಟ್ಟು, ಒಂದು ಮಾತೂ ಆಡದೆ ಒಳಗೆ ಹೋಗುತ್ತಾರೆ.

ಮರಿನೆತ್ ಬಗ್ಗೆ ಬರೆಯಬೇಕೆಂದು ಜೊತೆಗೆ ಹೊರಟ ನಾನು ಹಿಂದಿನ ಸೀಟಿನಲ್ಲಿದ್ದೇನೆ. ಮುಂದಿನದು ಗಾಸ್ತೋಂ ಅವರದು. ಅವರ ಉದ್ದ ಕಾಲಿಗೆ ಸರಿಯಾಗಿ ಅದನ್ನು ಹಿಂದಕ್ಕೆ ಸರಿಸಿಟ್ಟಿದ್ದಾರೆ, ನನ್ನ ಮಂಡಿ ಮುರಿಯುವಷ್ಟು.

ಫ್ರಾನ್ಸಿನ ಕಾಂತಾಲ್ ಬೆಟ್ಟದ ನಮ್ಮ ಈ ಕಡೆಯಲ್ಲಿ ಮರಿನೆತ್ ಗೊತ್ತಿಲ್ಲದವರಿಲ್ಲ. ಆದರೆ ಅವರ ಜೊತೆ ಕೂತು ಒಂದು ಲೋಟ ವೈನ್ ಕುಡಿಯುವವರೂ ಇಲ್ಲ. ದೂರದ ಆಸ್ಪತ್ರೆಗೆ ರೋಗಿಗಳನ್ನು ಒಯ್ಯುವ ಆ ಬಿಳಿ ಕಾರು ಯಾರ ಗೇಟಿನ ಮುಂದೆ ನಿಂತಿತೋ ಆ ಮನೆಗೆ ಏನು ಬಂದಿದೆ ಎಂದು ಊರಿಗೆಲ್ಲ ತಿಳಿಯುತ್ತದೆ. ಮದುವೆಗೆ, ನಾಮಕರಣಕ್ಕೆ ಯಾರೂ ಅವರ ಟ್ಯಾಕ್ಸಿ ಕರೆಯುವುದಿಲ್ಲ. "ಬ್ರೆಡ್ ಅಂಗಡಿಗೆ ಹೋದ್ರೆ ಮಾತು ನಿಂತುಹೋಗುತ್ತೆ. ಆಮೇಲೆ ಯಾರಾದ್ರೂ ಮೆಲ್ಲಗೆ ಕೇಳ್ತಾರೆ, 'ಈಗ ಯಾರ ಮನೆ, ಮರಿನೆತ್?' ಅಂತ. ನಾನು 'ಒಂದು ಬ್ರೆಡ್ ಕೊಡಿ' ಅಂತೀನಿ. ಅಷ್ಟೇ ನಮ್ಮ ಮಾತುಕತೆ."

ಟ್ಯಾಕ್ಸಿ ಮೊದಲು ಗಂಡ ಲೂಸಿಯಾಂ ಅವರದಾಗಿತ್ತು. ಆತ ರೈಲಿಗೆ ಜನರನ್ನು ಬಿಡುತ್ತಿದ್ದ ಕಾಲ ಅದು. ರೈಲಿನ ಓಡಾಟ ನಿಂತಿತು, ಮಾರನೆಯ ವರ್ಷ ಆತನ ಎದೆಬಡಿತವೂ ನಿಂತಿತು. ಮಕ್ಕಳಿಲ್ಲ. ಮರಿನೆತ್ ಗಂಡನ ಕೋಟು ಹಾಕಿಕೊಂಡು ಅವನ ಜಾಗದಲ್ಲಿ ಕೂತರು. ಈಗ ಐವತ್ತೆಂಟು. ಕೋಟು ಅದೇ.

ಇಷ್ಟು ದೂರ, ಲಿಯೋಂವರೆಗೆ ಯಾಕೆ ಎಂದು ಕೇಳುವವರಿಗೆ ಒಂದು ಮಾತು. ಗಾಸ್ತೋಂ ಅವರಿಗಿರುವ ರಕ್ತದ ಕ್ಯಾನ್ಸರಿಗೆ ಹೊಸ ಔಷಧಿಗಳ ಪ್ರಯೋಗ ನಡೆಯುವುದು ಪ್ಯಾರಿಸ್, ಲಿಯೋಂ, ಮಿಲಾನ್, ಬಾರ್ಸಿಲೋನಾದಂಥ ಊರುಗಳ ದೊಡ್ಡಾಸ್ಪತ್ರೆಗಳಲ್ಲಿ. ಮೊದಲೇ ನಾಲ್ಕು ಪ್ರಯೋಗ ನಡೆಯುತ್ತಿರುವಲ್ಲಿಗೇ ಐದನೆಯದೂ ಹೋಗುತ್ತದೆ, ಉಂಡವರ ಎಲೆಗೇ ಮತ್ತೆ ಬಡಿಸಿದ ಹಾಗೆ. ಅಲ್ಲಿ ಪರಿಣತರಿದ್ದಾರೆ, ಯಂತ್ರಗಳಿವೆ, ಒಪ್ಪೋಣ. ಆದರೆ ಕಾಯಿಲೆ ಊರು ನೋಡಿ ಬರುತ್ತದೆಯೇ? ಲಿಯೋಂ ಆಸ್ಪತ್ರೆಯ ಮೊಗಸಾಲೆಯಲ್ಲಿ ಈ ಪ್ರಯೋಗ ಎಲ್ಲೆಲ್ಲಿ ನಡೆಯುತ್ತಿದೆ ಎಂದು ಯುರೋಪಿನ ನಕ್ಷೆಯೊಂದರಲ್ಲಿ ಕೆಂಪು ಚುಕ್ಕಿ ಇಟ್ಟಿದ್ದಾರೆ. ಕೆಲವು ನಗರಗಳಲ್ಲಿ ಚುಕ್ಕಿಯ ಮೇಲೆ ಚುಕ್ಕಿ. ನಮ್ಮ ಬೆಟ್ಟಗಳಿರುವಲ್ಲಿ ಬರೀ ಬಿಳಿ. ಗಾಸ್ತೋಂ ಅದನ್ನು ನೋಡಿ, "ನಮ್ಮಲ್ಲಿ ಹಿಮ ಬಿದ್ದಿದೆ ಅಂತ ಇವ್ರಿಗೂ ಗೊತ್ತಾಗಿದೆ" ಎಂದಿದ್ದರಂತೆ.

ಹೋಗಿಬರುವುದಕ್ಕೆ ಐನೂರು ಕಿಲೋಮೀಟರು. ಹೇಳಿದ ದಿನ ಹೇಳಿದ ಹೊತ್ತಿಗೆ ರಕ್ತ ಕೊಡಬೇಕು, ಗುಳಿಗೆ ಪಡೆಯಬೇಕು. ತಪ್ಪಿಸುತ್ತ ಹೋದರೆ ಪ್ರಯೋಗದಿಂದ ಹೊರಗೆ. ಮೊದಲಿನ ಔಷಧಿಗಳೆಲ್ಲ ಸೋತಿರುವ ಗಾಸ್ತೋಂ ಅವರಿಗೆ ಹೊರಗೆ ಎಂದರೆ ಏನು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಬಾಡಿಗೆಯನ್ನು ಸರ್ಕಾರಿ ವಿಮೆಯೇ ಕಟ್ಟುತ್ತದೆ. ಜೀವಮಾನವೆಲ್ಲ ಹಸು ಕಟ್ಟಿ ಚೀಸ್ ಮಾಡಿದ ಈ ಮುದುಕನಿಗೆ ಅದೇ ಕಿರಿಕಿರಿ. ಬಿಟ್ಟಿ ಕೂರಲು ಮನಸ್ಸಿಲ್ಲ. ಅದಕ್ಕೇ ಚೀಸ್ ತುಂಡು.

ಅರ್ಧ ದಾರಿಯಲ್ಲಿ ಕಾರು ನಿಲ್ಲಿಸಿ ಮರಿನೆತ್ ಚಾಕು ತೆಗೆಯುತ್ತಾರೆ. ಕಾಯಿಸದ ಹಾಲಿನ ಚೀಸ್ ಇದು. ಸೋಂಕು ತಡೆಯುವ ಶಕ್ತಿ ಉಡುಗಿಹೋಗಿರುವ ಗಾಸ್ತೋಂ ಅದನ್ನು ಮುಟ್ಟುವ ಹಾಗಿಲ್ಲ. ಈಗ ಮಾಡುವವರು ಒದೀಲ್. ಹೇಗೆ ಬಂದಿದೆ ಎಂದು ಮಾಡಿಸಿದವರಿಗೇ ತಿಳಿಯುವ ದಾರಿಯಿಲ್ಲ. ಹಾಗಾಗಿ ಮರಿನೆತ್ ತಿನ್ನುತ್ತಾರೆ, ಗಾಸ್ತೋಂ ಆಕೆಯ ಬಾಯಿಯನ್ನೇ ನೋಡುತ್ತಾರೆ.

"ಹೇಳು ಪೋರಿ."

"ತಡೀರಿ ಯಜಮಾನ್ರೇ, ನುಂಗೋಕಾದ್ರೂ ಬಿಡಿ."

"ನುಂಗಿದ ಮೇಲೆ ಎಲ್ಲಾ ಚೀಸೂ ಒಂದೇ. ಈಗ ಹೇಳು."

"ಮೊದಲು ಬೆಣ್ಣೆ. ಆಮೇಲೆ ಹುಲ್ಲು. ಕೊನೆಗೆ ಒಂಚೂರು ಉಪ್ಪು ಜಾಸ್ತಿ."

"ಅವಳ ಕೈಯೇ ಅಷ್ಟು. ಉಪ್ಪೂ ಜಾಸ್ತಿ, ಮಾತೂ ಜಾಸ್ತಿ."

ಬೆಳಿಗ್ಗೆ ತುಟಿ ಬಿಚ್ಚದ ಒದೀಲ್ ನೆನಪಾಗಿ ನನಗೆ ನಗು ಬರುತ್ತದೆ. ಮರಿನೆತ್ ನಗುವುದಿಲ್ಲ. ಅವರ ಪಾಲಿಗೆ ಇದು ಆಟವಲ್ಲ.

ಯಾಕೆಂದು ಗೊತ್ತಾಗಲು ಕಳೆದ ಶರತ್ಕಾಲದ ಕಥೆ ಕೇಳಬೇಕು. ಅವತ್ತಿನ ತುಂಡು ಕಹಿಯಾಗಿತ್ತು. ಹಿಂದಿನ ಸಲವಷ್ಟೇ ಗಾಸ್ತೋಂ ಪರೀಕ್ಷೆಗೆಂದು ಸೊಂಟದ ಮೂಳೆಗೆ ಸೂಜಿ ಚುಚ್ಚಿಸಿಕೊಂಡು ನರಳಿದ್ದರು. ಮರಿನೆತ್ ಕನಿಕರದಿಂದ, "ತುಂಬಾ ಚೆನ್ನಾಗಿದೆ" ಎಂದುಬಿಟ್ಟರು. ಐವತ್ತು ವರ್ಷ ಚೀಸ್ ತಿಂದವರ ಮುಖ ನೋಡಿದ ಮನುಷ್ಯನಿಗೆ ಸುಳ್ಳು ತಿಳಿಯುವುದಿಲ್ಲವೇ? ಅವತ್ತು ಊರಿಗೆ ಮರಳಿ ಮನೆ ಮುಂದೆ ಇಳಿಯುವಾಗ ಗಾಸ್ತೋಂ ಹೇಳಿದರು: "ಚೀಸ್ ವಿಷಯದಲ್ಲೇ ನೀನು ಸುಳ್ಳು ಹೇಳ್ತೀಯ ಅಂದ್ರೆ, ರಕ್ತದ ವಿಷಯದಲ್ಲಿ ಆ ಡಾಕ್ಟ್ರುಗಳು ಎಷ್ಟು ಹೇಳ್ತಿರಬಹುದು? ಇನ್ಮೇಲೆ ಬರಬೇಡ."

ಮುಂದಿನ ಸರದಿಗೆ ಮರಿನೆತ್ ಬಂದರು. ಮನೆಯಲ್ಲಿ ದೀಪವಿಲ್ಲ. ಹೊತ್ತು ಮೀರುತ್ತಿತ್ತು. ಹೊರಗೆ ಬಂದ ಒದೀಲ್, "ಗೋಡೆ ಕಡೆ ತಿರುಗಿ ಮಲಗಿದ್ದಾನೆ" ಎಂದರು. ಮರಿನೆತ್ ಆಕೆಯಿಂದ ಒಂದು ತುಂಡು ಚೀಸ್ ಕೇಳಿ ಪಡೆದು, ಕಿಟಕಿಯ ಕೆಳಗೆ ನಿಂತು ತಿಂದು, ಊರೇ ಏಳುವ ಹಾಗೆ ಕೂಗಿದರು.

"ಯಜಮಾನ್ರೇ! ಹೋದ ಸಲದ್ದು ಕಹಿ ಇತ್ತು! ಬಾಯಿ ತೊಳೆದ್ರೂ ಹೋಗ್ಲಿಲ್ಲ! ಇವತ್ತಿನದು ಒದ್ದೆ ಗೋಣಿಚೀಲದ ಥರ ಇದೆ!"

"ಏನಂದೆ? ನನ್ನ ಚೀಸು ಗೋಣಿಚೀಲಾನಾ?" ಒದೀಲ್ ಸೊಂಟಕ್ಕೆ ಕೈ ಇಟ್ಟರು.

"ನಿಮ್ಮದೇ! ಕಣ್ಣು ಮುಚ್ಕೊಂಡು ಉಪ್ಪು ಹಾಕಿದೀರ!"

ಕಿಟಕಿ ತೆರೆಯಿತು. "ನೆಲಮಾಳಿಗೆಯ ಕಿಂಡಿ ಮುಚ್ಚಿಟ್ಟಿದಾಳೆ, ಅದಕ್ಕೇ ಆ ವಾಸನೆ! ನಾನು ಅವತ್ತೇ ಹೇಳಿದ್ದೆ!" ಎಂದು ಗಾಸ್ತೋಂ ಒಳಗಿನಿಂದಲೇ ಬೈಯುತ್ತ ಬೂಟು ಹಾಕಿಕೊಂಡರು. ಪ್ರಯೋಗದಲ್ಲಿ ಅವರ ಜಾಗ ಉಳಿಯಿತು.

ಇವತ್ತು ಆಸ್ಪತ್ರೆ ತಲುಪುವಾಗ ಬಿಸಿಲು ಬಂದಿದೆ. ಗಾಸ್ತೋಂ ಒಳಗೆ ಹೋಗುತ್ತಾರೆ. ಒಳಗೆ ಮರಿನೆತ್ ಅವರಿಗೆ ಕೆಲಸವಿಲ್ಲ. ಕಾರು ನಿಲ್ಲಿಸುವ ಜಾಗದಲ್ಲಿ, ಲೂಸಿಯಾಂ ಕೋಟಿನ ಗುಂಡಿ ಹಾಕಿಕೊಂಡು ಕೂರುತ್ತಾರೆ. ಸುತ್ತ ಬೇರೆ ಬೇರೆ ಜಿಲ್ಲೆಗಳ ಟ್ಯಾಕ್ಸಿಗಳು, ಒಂದೊಂದರಲ್ಲೂ ಒಬ್ಬೊಬ್ಬರು. ಯಾರೂ ಗಾಜು ಇಳಿಸುವುದಿಲ್ಲ. ಮರಿನೆತ್ ಪಕ್ಕದ ಸೀಟಿನಲ್ಲಿ ಗಾಸ್ತೋಂಗಿಂತ ಮೊದಲು ಕೂತು ಬಂದವರಲ್ಲಿ ಕೆಲವರು ಗುಣವಾಗಿ ಮನೆ ಸೇರಿದರು, ಕೆಲವರು ಇಲ್ಲ. ಗುಣವಾದವರು ಕಾರು ಕಂಡರೆ ಮುಖ ತಿರುಗಿಸುತ್ತಾರೆ. "ತಪ್ಪಿಲ್ಲ. ನನ್ನನ್ನ ನೋಡಿದ್ರೆ ಅವ್ರಿಗೆ ಆ ದಿನಗಳು ನೆನಪಾಗುತ್ತೆ" ಎನ್ನುತ್ತಾರೆ ಮರಿನೆತ್.

ಮಧ್ಯಾಹ್ನ ನರ್ಸ್ ಬಂದು ಗಾಜು ತಟ್ಟುತ್ತಾರೆ. ಜ್ವರ ಕಾಣಿಸಿಕೊಂಡಿದೆ, ಗಾಸ್ತೋಂ ಅವರನ್ನು ಇವತ್ತು ಕಳಿಸುವುದಿಲ್ಲ, ಎಷ್ಟು ದಿನವೋ ಗೊತ್ತಿಲ್ಲ. ಮರಿನೆತ್ ತಲೆಯಾಡಿಸುತ್ತಾರೆ, ಒದೀಲ್‌ಗೆ ಫೋನ್ ಮಾಡಿ ತಿಳಿಸುತ್ತಾರೆ. ನಾನು ಮುಂದಿನ ಬಾಗಿಲಿಗೆ ಕೈ ಹಾಕಿದಾಗ ಮಾತ್ರ ದನಿ ಗಡುಸಾಗುತ್ತದೆ. "ಹಿಂದೆನೇ ಕೂತ್ಕೊಳ್ಳಿ. ನೀವು ಕೂತ್ರೆ ಸೀಟು ಸರಿಸ್ತೀರ. ಅದು ಅವ್ರ ಕಾಲಿಗೆ ಕೂತಿದೆ."

ಅರ್ಧ ದಾರಿಯಲ್ಲಿ ಅದೇ ಜಾಗದಲ್ಲಿ ಕಾರು ನಿಲ್ಲುತ್ತದೆ. ಉಳಿದ ಚೀಸ್ ಹೊರಗೆ ಬರುತ್ತದೆ. ಫೋನ್ ಹೊಡೆದುಕೊಳ್ಳುತ್ತದೆ.

"ಪೋರಿ, ಈಗ ಕಾರಿನ ಶಾಖಕ್ಕೆ ಅದು ಮೆತ್ತಗಾಗಿರುತ್ತೆ. ತಿಂದು ನೋಡು." ಗಾಸ್ತೋಂ ಅವರ ದನಿ ಸಣ್ಣಗಿದೆ.

"ತಿಂತಿದೀನಿ. ಉಪ್ಪು ಇಳಿದಿದೆ. ಹುಲ್ಲಿನ ಪರಿಮಳ ಮುಂದೆ ಬಂದಿದೆ." ಇನ್ನೊಂದು ಚೂರು ತಿಂದು, "ಚೆನ್ನಾಗಿದೆ, ಯಜಮಾನ್ರೇ."

"ನಿಜಾನಾ?"

"ನಿಜ."

ಫೋನ್ ಇಟ್ಟ ಮೇಲೆ ಮರಿನೆತ್ ಚಾಕು ಒರೆಸಿ, ಉಳಿದಿದ್ದನ್ನು ಬಟ್ಟೆಯಲ್ಲಿ ಸುತ್ತಿ ಆ ಖಾಲಿ ಸೀಟಿನ ಮೇಲೆ ಇಡುತ್ತಾರೆ. ಮುಂದೆ ಏನಾಗಬೇಕೆಂದು ನಿಮಗೆ ಆಸೆ ಎಂದು ಕೇಳುತ್ತೇನೆ. ಗಾಡಿ ದೊಡ್ಡ ರಸ್ತೆಗೆ ಬಂದ ಮೇಲೆ ಹೇಳುತ್ತಾರೆ:

"ಒಂದು ದಿನ ಅವ್ರೇ ಒಂದು ತುಂಡು ಬಾಯಿಗೆ ಹಾಕ್ಕೊಂಡು ನನ್ನ ಮೇಲೆ ಜಗಳಕ್ಕೆ ಬರ್ಬೇಕು. 'ಇಷ್ಟು ದಿನ ಏನೇನೋ ಹೇಳ್ದೆಯಲ್ಲೇ ಪೋರಿ, ಇದರ ರುಚಿನೇ ಬೇರೆ' ಅಂತ. ಆ ಜಗಳದಲ್ಲಿ ಸೋತು ಮನೆಗೆ ಹೋಗ್ಬೇಕು ನಾನು."