ಇಬ್ಬರ ಮಾತು ಹೊತ್ತ ಹುಡುಗಿ

ನನ್ನ ತಂಗಿ ಗಂಡನನ್ನು ಬಿಟ್ಟು ದೇವದುರ್ಗದ ತವರು ಸೇರಿದಾಗ ಅವಳ ಮಗಳು ಎಂಟನೇ ತರಗತಿ. ಗಂಡ ಮಾನ್ವಿಯ ಅಕ್ಕಿ ಗಿರಣಿಯಲ್ಲಿದ್ದ. ಹುಡುಗಿಗಾಗಿ ಎಳೆದಾಟ ಬೇಡವೆಂದು ರಾಯಚೂರಿನ ನನ್ನ ಮನೆಯಲ್ಲೇ ಇಟ್ಟುಕೊಂಡೆ. ಒಂದು ಭಾನುವಾರ ಅವ್ವನ ಹತ್ತಿರ ಹೋದರೆ ಮುಂದಿನ ಭಾನುವಾರ ಅಪ್ಪನ ಹತ್ತಿರ. ಗಂಡ ಹೆಂಡತಿ ಒಬ್ಬರಿಗೊಬ್ಬರು ಹೇಳುವುದೆಲ್ಲ ಅವಳ ಬಾಯಿಂದಲೇ ಹೋಗಬೇಕು.

ಒಮ್ಮೆ ದೇವದುರ್ಗಕ್ಕೆ ನಾನೂ ಹೋಗಿದ್ದೆ. ತಂಗಿ ರೊಟ್ಟಿ ಬಡಿಯುತ್ತಲೇ, "ನಿಮ್ಮಪ್ಪಗ ಹೇಳು, ಸತ್ತರೂ ಆ ಮನಿ ಹೊಸ್ತಿಲ ತುಳಿಯಂಗಿಲ್ಲ" ಎಂದಳು. ಮರಳಿ ಬಂದ ಮೇಲೆ ಹುಡುಗಿ ಅಪ್ಪನಿಗೆ ಫೋನಿನಲ್ಲಿ ಹೇಳಿದ್ದೇ ಬೇರೆ: "ಅವ್ವಗ ಮಂಡಿ ನೋವಂತಪ್ಪ, ಬಸ್ಸಿನ್ಯಾಗ ಬರಾಕ ಆಗವಲ್ದಂತ."

"ಭಪ್ಪರೆ! ನೀ ವಕೀಲಿ ಆಗಬೇಕು ನೋಡು" ಎಂದು ನಕ್ಕೆ.

"ಇಲ್ಲ ದೊಡ್ಡವ್ವ, ಸೈನ್ಸ್ ಓದಿ ಲ್ಯಾಬಿನ್ಯಾಗ ಕೆಲಸ ಮಾಡಾಕಿ ನಾ. ರಾಯಚೂರಾಗ ಓದ್ತೀನಿ."

ಅಪ್ಪ ಮುಂದಿನ ವಾರ ಮಂಡಿನೋವಿನ ಎಣ್ಣೆ ಕೊಟ್ಟು ಕಳಿಸಿದ. ಅವ್ವನಿಗೆ ಕೊಡಲಾಗದೆ ಅದನ್ನು ನನ್ನ ಮಂಡಿಗೆ ತಿಕ್ಕಿ ಖಾಲಿ ಮಾಡಿದಳು.

ಹತ್ತನೇ ತರಗತಿಗೆ ಬರುವ ಹೊತ್ತಿಗೆ, "ಉಪ್ಪಿಟ್ಟು ಮಾಡ್ಲೋ, ಮಂಡಕ್ಕಿ ಒಗ್ಗರಣಿ ಮಾಡ್ಲೋ?" ಎಂದು ನಾನು ಕೇಳಿದರೂ ನನ್ನ ಮುಖ ನೋಡುವಳು. "ನಿನಗ್ಯಾವುದು ಮಾಡಾಕ ಸಸಾರ ಅದನ್ನ ಮಾಡು ದೊಡ್ಡವ್ವ" ಅನ್ನುವಳು. ಅಂಗಡಿಯಲ್ಲಿ ಬಟ್ಟೆ ಆರಿಸುವಾಗಲೂ ಹಾಗೇ. ಓಣಿಯವರು ಶಾಣ್ಯಾಕಿ ಎಂದು ಹೊಗಳಿದರು. ನಾನೂ ಹಾಗೇ ಅಂದುಕೊಂಡೆ.

ಫಲಿತಾಂಶ ಬಂದಿತು. ಕಾಲೇಜಿನ ಮಾತಿಗೆಂದು ಅಪ್ಪ ಅವ್ವ ಇಬ್ಬರೂ ನನ್ನ ಮನೆಗೆ ಬಂದು ಮುಖ ತಿರುಗಿಸಿ ಕುಳಿತರು.

"ಮಾನ್ವಿಯಾಗ ಕಾಲೇಜಿಲ್ಲೇನು?" ಎಂದು ಅವಳ ಅಪ್ಪ ಗೋಡೆಯನ್ನು ಕೇಳಿದ.

"ದೇವದುರ್ಗದಾಗೇನು ಕತ್ತೆ ಕಾಯ್ತಾರ?" ಎಂದಳು ತಂಗಿ.

"ತಡೀರಿ, ಆಕಿನ ಹೇಳ್ಲಿ. ಹೇಳವ್ವ, ನಿನಗೇನು ಬೇಕು?" ಎಂದೆ.

ಹುಡುಗಿ ಇಬ್ಬರ ಮುಖವನ್ನೂ ನೋಡಿದಳು. "ಅಪ್ಪಗ ಒಬ್ಬಗ ಊಟದ ತ್ರಾಸ ಆಗಾಕತ್ತದ... ಅವ್ವಗೂ ಬ್ಯಾಸರ..."

"ನಿನ್ನ ಮಾತು ಹೇಳಬೇ. ಇಲ್ಲೇ ಸೈನ್ಸ್ ಓದ್ತೀನಿ ಅಂತಿದ್ದೆಲ್ಲ?"

"ಅದು ಯಾವಾಗೋ ಅಂದಿದ್ದೆ ದೊಡ್ಡವ್ವ. ಇವರಿಬ್ಬರಿಗೂ ಯಾವುದು ಹೊಂದತದ ಅದ ಆಗ್ಲಿ."

ಹೊಂದಿದ್ದು ಇಷ್ಟು: ಮಾನ್ವಿಯಲ್ಲಿ ಆರ್ಟ್ಸ್, ಅಪ್ಪನಿಗೆ ಅಡುಗೆ, ರಜೆ ಬಂದರೆ ದೇವದುರ್ಗ. ಬಟ್ಟೆ ತುಂಬಿಕೊಳ್ಳುತ್ತಿದ್ದಾಗ ಅವಳೊಬ್ಬಳನ್ನೇ ಮತ್ತೆ ಕೇಳಿದೆ. ಮಡಚಿದ ಲಂಗವನ್ನೇ ಬಿಚ್ಚಿ ಮತ್ತೆ ಮಡಚಿದಳು.

"ಖರೇನ ಗೊತ್ತಾಗವಲ್ದು ದೊಡ್ಡವ್ವ."

ಈ ಸಲ ಅವಳು ಸುಳ್ಳು ಹೇಳುತ್ತಿರಲಿಲ್ಲ. ಈಗಲೂ ಫೋನಿನಲ್ಲಿ ನನ್ನ ಬಿಪಿ ಕೇಳುತ್ತಾಳೆ, ಗುಳಿಗೆ ನೆನಪಿಸುತ್ತಾಳೆ. ನೀ ಹೆಂಗದಿ ಎಂದರೆ, "ಅಪ್ಪ ಇಲ್ಲೇ ಅದಾನ, ಕೊಡ್ತೀನಿ ತಡಿ" ಅನ್ನುತ್ತಾಳೆ.