ಉಡಿಗೆ ಐದು ಬಾದಾಮಿ

ನನ್ನ ತಂಗಿ ಹನ್ನೆರಡು ವರ್ಷ ಅಂಗಿಗಳಿಗೆ ಕಾಲರ್ ಹಚ್ಚಿದಳು. ಗದಗಿನ ಹತ್ತಿರದ ಒಂದು ಗಾರ್ಮೆಂಟ್ಸ್‌ನಲ್ಲಿ ಅವಳ ಕೆಲಸ ಅಷ್ಟೇ. ತೋಳು ಹಚ್ಚುವವಳು ಬೇರೆ, ಗುಂಡಿ ಹಚ್ಚುವವಳು ಬೇರೆ, ಇವಳ ಮಷೀನಿಗೆ ಬರುವುದು ಬರೀ ಕಾಲರ್. ಆ ಅಂಗಿಗಳು ಯಾವ ದೇಶಕ್ಕೆ ಹೋಗುತ್ತವೆ ಎಂದು ಅವಳೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಶ್ರಾವಣ ಮುಗಿಯುವ ಹೊತ್ತಿಗೆ ಒಮಾನಿನಲ್ಲಿರುವ ನನಗೆ ಅವಳ ಫೋನು ಬಂತು.

"ಅಕ್ಕಾ, ನಾಳಿಂದ ಬರಬ್ಯಾಡ್ರಿ ಅಂದ್ರು. ಅಮೆರಿಕಾದವ್ರು ಸುಂಕ ಏರಿಸ್ಯಾರಂತ. ಆರ್ಡರ್ ನಿಂತಾವಂತ."

ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು. ಅವಳು ಬಸ್ಸು ತಪ್ಪಿದ ಸುದ್ದಿ ಹೇಳುವ ದನಿಯಲ್ಲಿ ಹೇಳಿದಳು. ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ. ಫೋನು ಇಟ್ಟವಳೇ ಅಡುಗೆಮನೆಯ ಕಪಾಟು ತೆಗೆದೆ. ಓಟ್ಸ್, ಕಾರ್ನ್‌ಫ್ಲೇಕ್ಸ್, ಮಾಲ್‌ನಿಂದ ತಂದ ಬಾದಾಮಿ, ಅಕ್ರೋಡು, ಯಾವುದರ ಬೆನ್ನಿನ ಮೇಲೆ ಆ ದೇಶದ ಹೆಸರಿತ್ತೋ ಅದೆಲ್ಲ ಚೀಲಕ್ಕೆ ಹೋಯಿತು. ಡಬ್ಬಿಯ ಬೆನ್ನು ತಿರುಗಿಸಿ ಓದುವ ವಿದ್ಯೆಯನ್ನು ನಾನು ಕಲಿತದ್ದು ನಮ್ಮ ಕೆಳಗಿನ ಮನೆಯ ಒಮಾನಿ ಅಜ್ಜಿಯಿಂದ. ಇಲ್ಲಿಯ ಜನ ಪಕ್ಕದ ಯುದ್ಧವೊಂದರ ಸಿಟ್ಟಿಗೆ ಎರಡು ವರ್ಷದಿಂದ ಪರದೇಶದ ಎಷ್ಟೋ ಸಾಮಾನು ಕೊಳ್ಳುವುದನ್ನೇ ಬಿಟ್ಟಿದ್ದರು. ಅಂಗಡಿಯಲ್ಲಿ ಆ ಅಜ್ಜಿ ಕನ್ನಡಕ ಏರಿಸಿ, ಸಣ್ಣಕ್ಷರ ಓದಿ, "ಖಲಾಸ್" ಎಂದು ಡಬ್ಬಿಯನ್ನು ಮರಳಿ ಇಡುವ ಗತ್ತು ನನಗೆ ಬಹಳ ಹಿಡಿಸಿತ್ತು. ಈಗ ನನ್ನ ಸರದಿ ಬಂದಿತ್ತು.

ನನ್ನ ಗಂಡ ಇಲ್ಲೇ ರುಸೈಲ್ ಎಂಬಲ್ಲಿಯ ಒಂದು ಕಾರ್ಖಾನೆಯಲ್ಲಿ ಮೆಂಟೆನೆನ್ಸ್ ನೋಡುವವರು. ಸಂಜೆ ಬಂದು ಚೀಲ ನೋಡಿ ನಕ್ಕರು. "ಕೈಲಾಗದಾಂವ ಮೈ ಪರಚಿಕೊಂಡಂಗಾತು. ನೀ ಬದಾಮಿ ತಿನ್ನೂದು ಬಿಟ್ರ ಅಮೆರಿಕಾ ಉಪವಾಸ ಬೀಳ್ತೈತೇನು?"

"ಬೀಳದಿದ್ರ ಬ್ಯಾಡ. ನನ್ನ ರೊಕ್ಕದಾಗ ಉಣ್ಣೂದು ಬ್ಯಾಡ ಅದು," ಅಂದೆ. ಹಟಕ್ಕೆ ಬಿದ್ದರೆ ನಾನು ನಮ್ಮ ಅವ್ವನ ಮಗಳೇ ಸರಿ.

ಫ್ರೀಜರಿನಲ್ಲಿದ್ದ ಒಂದು ಪೊಟ್ಟಣವನ್ನು ಮಾತ್ರ ಮುಟ್ಟಲಿಲ್ಲ. ಅದರಲ್ಲಿದ್ದದ್ದು ಹುಬ್ಬಳ್ಳಿಯ ಬಾದಾಮಿ, ಹುಬ್ಬಳ್ಳಿಯ ಉತ್ತತ್ತಿ. ಊರಿಗೆ ರಜೆಗೆ ಹೋದಾಗಲೆಲ್ಲ ನಮ್ಮ ಕಡೆಯವರು ಇಲ್ಲಿಗೆ ಮರಳಿ ಹೊರಡುವ ಹಿಂದಿನ ದಿನ ಪೇಟೆಗೆ ಹೋಗಿ ಇವನ್ನು ಕಟ್ಟಿಸಿಕೊಂಡೇ ಬರುತ್ತೇವೆ. ಸೀರೆ ಬಿಟ್ಟಾದರೂ ಸೂಟ್‌ಕೇಸಿನಲ್ಲಿ ಇವಕ್ಕೆ ಜಾಗ ಮಾಡುತ್ತೇವೆ. ಪೂಜೆಗೆ, ಉಡಿಗೆ ಊರಿನದೇ ಆಗಬೇಕು. ನಾನು ಹದಿನಾಲ್ಕು ವರ್ಷದಿಂದ ಹೀಗೆ ಹೊತ್ತು ತಂದವಳು.

ಆ ವಾರವೇ ಮೇಲಿನ ಮನೆಯ ಹುಡುಗಿಯ ಕುಬಸದ ಮಾತು ಬಂತು. ವಿಜಯಪುರದ ಕಡೆಯ ಹುಡುಗಿ, ಏಳು ತಿಂಗಳ ಬಸುರಿ. ಮೊದಲಿನದು ಅರ್ಧಕ್ಕೆ ಹೋಗಿತ್ತು. ಬಸುರಿಗೆ ಹಸಿರು ಸೀರೆ ಉಡಿಸಿ, ಕುಬಸಕ್ಕೆ ಕಣದ ಬಟ್ಟೆ ಕೊಟ್ಟು, ಉಡಿ ತುಂಬುವುದು ತವರಿನವರ ಕೆಲಸ. ಈ ಹುಡುಗಿಗೆ ತಾಯಿಯಿಲ್ಲ. ಒಂದು ದಿನ ಬಾಗಿಲಲ್ಲೇ ನಿಂತು, "ಅಕ್ಕಾ, ನನ್ನ ತವರು ನೀವ ಆಗ್ರಿ" ಎಂದು ಕೇಳಿದಳು. ಯಾರಾದರೂ ಇಲ್ಲ ಅಂದಾರೆಯೇ? ಕಣ್ಣು ತುಂಬಿ ಹ್ಞೂಂ ಅಂದೆ.

ಬಾಣಂತನಕ್ಕೆಂದು ಅವಳ ಅತ್ತೆ ವಿಸಿಟ್ ವೀಸಾದ ಮೇಲೆ ಬಂದಿದ್ದರು. ಅವರು ನನ್ನನ್ನು ಕೂರಿಸಿಕೊಂಡು ಬೆರಳು ಮಡಚಿದರು. "ಅಡಿಕಿ, ಉತ್ತತ್ತಿ, ಬದಾಮಿ, ಅರಿಷಿಣ ಬೇರು, ಕೊಬ್ಬರಿ ಬಟ್ಟಲ. ಎಲ್ಲಾ ಐದೈದು. ಹ್ವಾದ ಸಲ ಏನಾತು ನಿಮಗ ಗೊತ್ತೈತಿ. ಈ ಸಲ ಒಂದೂ ಕಮ್ಮಿ ಆಗಬಾರದ್ರಿ."

"ಬದಾಮಿ ಹುಬ್ಬಳ್ಳಿವ ಅದಾವ್ರಿ ನನ್ನ ಹಂತ್ಯಾಕ," ಅಂದೆ, ಎದೆ ಉಬ್ಬಿಸಿ.

ಬುಧವಾರ ಮಧ್ಯಾಹ್ನದ ಮೇಲೆ ತೆಂಗಿನಕಾಯಿಗೆಂದು ನಮ್ಮ ಬೀದಿಯ ಅಂಗಡಿಗೆ ಹೋದೆ. ಅಂಗಡಿಯವರು ದಕ್ಷಿಣ ಕನ್ನಡದ ಬ್ಯಾರಿಗಳು. ಮೂವತ್ತು ವರ್ಷ ಇದೇ ಗಲ್ಲೆಯ ಹಿಂದೆ ಕೂತು ತಲೆ ಹಣ್ಣು ಮಾಡಿಕೊಂಡವರು. ನನ್ನ ಬಹಿಷ್ಕಾರ ಅವರಿಗೆ ಗೊತ್ತಿತ್ತು, ಏಕೆಂದರೆ ಅವರ ಅಂಗಡಿಯ ಡಬ್ಬಿಗಳನ್ನೂ ನಾನು ಬಿಟ್ಟಿರಲಿಲ್ಲ, ಒಂದೊಂದನ್ನೂ ತಿರುಗಿಸಿ ನೋಡಿದ್ದೆ. ಕುಬಸಕ್ಕೆ ಊರಿನ ಬಾದಾಮಿಯನ್ನೇ ಹಾಕುತ್ತೇನೆ ಎಂದು ಹೆಮ್ಮೆಯಿಂದ ಹೇಳಿದೆ.

ಅವರು ಕಾಯಿ ಬಡಿದು ನೋಡುತ್ತಿದ್ದವರು ಕೈ ನಿಲ್ಲಿಸಿದರು. "ಹುಬ್ಬಳ್ಳಿಯಲ್ಲಿ ಬಾದಾಮಿ ಎಲ್ಲಿ ಬೆಳೀತದೆ ಅಕ್ಕ?"

ನಾನು ಮನೆಗೆ ಹೋಗಿ ಪೊಟ್ಟಣವನ್ನೇ ತಂದು ಗಲ್ಲೆಯ ಮೇಲೆ ಇಟ್ಟೆ. ಅವರು ಒಂದು ಬಾದಾಮಿ ಎತ್ತಿ ಬೆಳಕಿಗೆ ಹಿಡಿದು, ತಮ್ಮ ಗೋಣಿಯಿಂದ ಇನ್ನೊಂದು ತೆಗೆದು ಪಕ್ಕಕ್ಕೆ ಇಟ್ಟರು. ಎರಡೂ ಅವಳಿ ಜವಳಿ.

"ಇದೂ ಅಲ್ಲಿಯದ್ದೇ ಮಾರಾಯ್ರೆ. ಅಮೆರಿಕದಿಂದ ಬೊಂಬಾಯಿಗೆ, ಅಲ್ಲಿಂದ ನಿಮ್ಮ ಹುಬ್ಬಳ್ಳಿಗೆ. ಮತ್ತೆ ಈ ಉತ್ತತ್ತಿ ಉಂಟಲ್ಲ..." ಅವರಿಗೆ ನಗು ತಡೆಯಲಾಗಲಿಲ್ಲ. "ಇದು ಇಲ್ಲಿಯದ್ದು. ಒಮಾನಿನ ಹಳ್ಳಿಗಳಲ್ಲಿ ಖರ್ಜೂರ ಬೇಯಿಸಿ ಒಣಗಿಸಿ ನಮ್ಮ ದೇಶಕ್ಕೆ ಕಳಿಸ್ತಾರೆ. ಇಲ್ಲಿಂದ ಹಡಗಲ್ಲಿ ಹೋದದ್ದನ್ನು ನೀವು ವಿಮಾನದಲ್ಲಿ ವಾಪಸ್ ತಂದದ್ದು!"

ಹದಿನಾಲ್ಕು ವರ್ಷ! ಮುಖ ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಮೊದಲು ಅವರ ಮೇಲೆ ಸಿಟ್ಟು ಬಂತು, ಆಮೇಲೆ ಹುಬ್ಬಳ್ಳಿಯ ಅಂಗಡಿಯವನ ಮೇಲೆ, ಕೊನೆಗೆ ನನ್ನ ಮೇಲೇ. ಉತ್ತತ್ತಿಯ ಚಿಂತೆಯಿರಲಿಲ್ಲ, ಉಂಡ ನೆಲದ್ದೇ ಆಯಿತು. ಬಾದಾಮಿಗೆ ಏನು ಮಾಡಲಿ? ಕುಬಸ ಶುಕ್ರವಾರ. ಅವರು ಪಾಪ, ಹಳೇ ಪೇಟೆಯ ಸೂಕಿನಲ್ಲಿ ಹುಡುಕಿದರೆ ಇರಾನಿನದು ಸಿಗುತ್ತದೆ ಎಂದರು. "ಆದ್ರೆ ಒಂದಕ್ಕೊಂದು ಬೆರೆಸಿರ್ತಾರೆ. ನಾನು ಗ್ಯಾರಂಟಿ ಕೊಡುವುದಿಲ್ಲ."

"ಬ್ಯಾಡ್ರಿ. ಇನ್ನ ಮ್ಯಾಲೆ ಗಿಡಾ ಕಣ್ಣಿಲೆ ಕಂಡ್ರ ಮಾತ್ರ ನಂಬಾಕಿ ನಾನು," ಎಂದು ಕಡ್ಡಿ ಮುರಿದಂತೆ ಹೇಳಿದೆ.

ಅವರು ಗಲ್ಲೆಯಿಂದ ಎದ್ದರು. "ಮರ ಕಾಣಬೇಕಾ? ಬನ್ನಿ."

ಅಂಗಡಿಯ ಹಿಂದೆ ಅವರು ವ್ಯಾನು ನಿಲ್ಲಿಸುವಲ್ಲಿ ಅಗಲ ಎಲೆಯ ಒಂದು ಮರವಿದೆ. ಅದರ ನೆರಳಿಗಾಗಿ ಇಡೀ ಬೀದಿ ಜಗಳಾಡುತ್ತದೆ. ನಾನೂ ಆಡಿದ್ದೇನೆ. ತಲೆಯೆತ್ತಿ ಅದು ಯಾವ ಮರ ಎಂದು ಮಾತ್ರ ನೋಡಿರಲಿಲ್ಲ. ಕಾಡುಬಾದಾಮಿ. ಬೇಸಿಗೆಯಲ್ಲಿ ಉದುರಿದ ಕಾಯಿಗಳು ಸಿಪ್ಪೆ ಒಣಗಿ ಗೋಡೆಯ ಬುಡಕ್ಕೆ ಗುಡ್ಡೆ ಬಿದ್ದಿದ್ದವು. "ಊರಲ್ಲಿ ಇದನ್ನು ಒಡೆದು ತಿಂದೇ ನಾವು ಮದ್ರಸಕ್ಕೆ ತಡವಾಗಿ ಹೋಗಿ ಪೆಟ್ಟು ತಿಂದದ್ದು," ಎನ್ನುತ್ತ ಅವರು ಲುಂಗಿ ಮಡಚಿ ಕೂತೇಬಿಟ್ಟರು. ಕಲ್ಲಿನ ಮೇಲೆ ಕಾಯನ್ನು ನಿಲ್ಲಿಸಿ ಏಣಿನ ಮೇಲೆ ಹೊಡೆಯಬೇಕು. ಜೋರಾದರೆ ಬೀಜ ಹಿಟ್ಟು, ಮೆಲ್ಲಗಾದರೆ ಕಾಯಿ ಬಾಯಿಯೇ ಬಿಡುವುದಿಲ್ಲ. ಆ ಸೆಕೆಯಲ್ಲಿ ಇಬ್ಬರೂ ಕುಟ್ಟಿದೆವು. ನನ್ನ ಹೆಬ್ಬೆರಳು ಎರಡು ಸಲ ಜಜ್ಜಿತು. ಗಿರಾಕಿಗಳು ಬಂದು ಇಣುಕಿ ನೋಡಿ ಕಾದು ನಿಂತರು. ಅಂತೂ ಮುರಿಯದ ಐದು ಬೀಜ ಸಿಕ್ಕವು, ಉದ್ದಕ್ಕೆ, ಸಣ್ಣಗೆ, ಕಿರುಬೆರಳಿನ ಅರ್ಧದಷ್ಟು.

ಶುಕ್ರವಾರ ಬೆಳಿಗ್ಗೆ ಹುಡುಗಿ ಹಸಿರು ಸೀರೆಯುಟ್ಟು ಮಣೆಯ ಮೇಲೆ ಕೂತಳು. ಅತ್ತೆ ನನ್ನ ತಾಟು ನೋಡಿ ಹುಬ್ಬು ಗಂಟು ಹಾಕಿದರು. "ಏನ್ರಿ ಇವು? ಹುಬ್ಬಳ್ಳಿ ಬದಾಮಿ ಹಿಂಗಿರ್ತಾವೇನು?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ತಂಗಿಯ ಫೋನಿನಿಂದ ಹಿಡಿದು ಅಂಗಡಿಯ ಹಿಂದಿನ ಮರದವರೆಗೆ ಎಲ್ಲವನ್ನೂ ಒದರಿದೆ. ಆ ದೇಶದ ಬಾದಾಮಿಯನ್ನು ನನ್ನ ಕೈಯಿಂದ ಯಾರ ಉಡಿಗೂ ಹಾಕುವುದಿಲ್ಲ ಅಂದೆ. ಬಂದಿದ್ದ ಹೆಂಗಸರಲ್ಲಿ ಒಬ್ಬಾಕೆ ಮೂಗು ಮುರಿದದ್ದನ್ನೂ ಕಂಡೆ.

"ನಿಮ್ಮ ಸಿಟ್ಟು ತೀರಿಸ್ಕೊಳ್ಳಾಕ ನನ್ನ ಸೊಸಿ ಉಡಿನ ಬೇಕಾಗಿತ್ತೇನ್ರಿ?" ಅಂದರು ಅತ್ತೆ.

ಈ ಮಾತು ನೇರ ಎದೆಗೆ ನೆಟ್ಟಿತು. ಅವರದು ಹಟವಲ್ಲ, ಭಯ. ಹೋದ ಸಲದ ಭಯ. ನನ್ನ ಸಿಟ್ಟು ನಿಜ, ಅವರ ಭಯವೂ ಅಷ್ಟೇ ನಿಜ. ಬೇಕಾದರೆ ನಾನೇ ತಾಟನ್ನು ಕೆಳಗಿಟ್ಟು ಮನೆಗೆ ಹೋಗುತ್ತೇನೆ, ಬೇರೆ ಯಾರಾದರೂ ತವರಾಗಲಿ ಎಂದುಕೊಂಡೆ. ಆದರೆ ಪೊಟ್ಟಣದ ಬಾದಾಮಿ ತರುತ್ತೇನೆ ಎಂಬ ಮಾತು ಮಾತ್ರ ಬಾಯಿಗೆ ಬರಲಿಲ್ಲ.

ಆಗ ಹುಡುಗಿ ತಾನಾಗಿಯೇ ಸೆರಗು ಹರವಿದಳು.

"ಅತ್ತಿ, ತವರು ಏನ ಕೊಟ್ರೂ ಉಡಿ ಒಡ್ಡಬೇಕು, ಒಲ್ಲೆ ಅನಬಾರದು ಅಂತ ನೀವ ಹೇಳೀರಿ. ಹಾಕ್ರಿ ಅಕ್ಕಾ."

ಅತ್ತೆ ಸೊಸೆಯ ಮುಖ ನೋಡಿದರು, ನನ್ನ ಕಪ್ಪುಗಟ್ಟಿದ ಹೆಬ್ಬೆರಳು ನೋಡಿದರು. ಬೀಜವೊಂದನ್ನು ಎತ್ತಿ ಮೂಸಿ, ಮತ್ತೆ ತಾಟಿನಲ್ಲಿಟ್ಟರು. "ಐದು ಅದಾವಿಲ್ಲೋ ಎಣಸಿ ಹಾಕ್ರಿ," ಅಂದರು. ಎಣಿಸಿ ಹಾಕಿದೆ. ಅಕ್ಕಿಯ ಮೇಲೆ ಬಿದ್ದ ಆ ಐದು ಬೀಜಗಳನ್ನು ಹುಡುಗಿ ಎರಡೂ ಕೈಯಿಂದ ಹೊಟ್ಟೆಗೆ ಒತ್ತಿ ಹಿಡಿದು ದೇವರ ಮುಂದೆ ಹೋದಳು.

ಮಧ್ಯಾಹ್ನ ತಂಗಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅವಳು ನಕ್ಕಳು. ಕೆಲಸ ಹೋದ ಮೇಲೆ ಅವಳು ನಕ್ಕದ್ದು ಅದೇ ಮೊದಲು. "ಅಮೆರಿಕಾಕ್ಕ ಐದು ಬದಾಮಿ ಲುಕ್ಸಾನ ಮಾಡಿದೆಲ್ಲಕ್ಕಾ!" ನಕ್ಕು ಸುಸ್ತಾಗಿ, ಮೂಗು ಸೇದಿ ಅಂದಳು: "ಆ ಕೂಸಿನ ಕುಂಚಿಗಿ ನಾ ಹೊಲದ ಕಳಸ್ತೀನಿ. ಹನ್ನೆರಡು ವರ್ಷ ಬರೀ ಕಾಲರ್ ಹಚ್ಚೇನಿ, ಪೂರಾ ಒಂದ ಅಂಗಿ ಹೊಲದಿಲ್ಲ. ಇದಕ್ಕ ಯಾವಾಂವ ಸುಂಕ ಹಾಕ್ತಾನ ನೋಡೇಬಿಡ್ತೀನಿ."

ಅವಳ ಕೆಲಸ ಇನ್ನೂ ಮರಳಿ ಬಂದಿಲ್ಲ. ನನ್ನ ಅಡುಗೆಮನೆಗೆ ಆ ಡಬ್ಬಿಗಳೂ ಮರಳಿ ಬಂದಿಲ್ಲ. ನನ್ನ ಗಂಡ ಈಗಲೂ ನಗುತ್ತಾರೆ, ನಗಲಿ.

ಚಳಿ ಶುರುವಾದಾಗ ಮೇಲಿನ ಮನೆಯಲ್ಲಿ ಹೆಣ್ಣು ಕೂಸು ಹುಟ್ಟಿತು. ರಜೆ ಮುಗಿಸಿ ಬಂದವರೊಬ್ಬರ ಕೈಯಲ್ಲಿ ಕುಂಚಿಗೆಯೂ ಬಂತು. ಕೂಸಿನ ತಲೆಯಿಂದ ಬೆನ್ನಿನವರೆಗೆ ಇಳಿಬೀಳುವ ಕೆಂಪು ಕುಂಚಿಗೆ, ಅಂಚಿಗೆ ಹಳದಿ ಪಟ್ಟಿ. ಕುತ್ತಿಗೆಯ ಹತ್ತಿರ ಮಾತ್ರ ಎರಡು ಚೂಪು ತುದಿಯ, ಗಟ್ಟಿ ಹೊಲಿಗೆಯ, ಗಂಡಸರ ಅಂಗಿಗೆ ಇರುವಂಥ ಕಾಲರ್.

ಅತ್ತೆ ಅದನ್ನು ತಿರುಗಿಸಿ ನೋಡಿ, "ಕುಂಚಿಗಿಗೆ ಯಾರರೆ ಕಾಲರ್ ಹಚ್ಚತಾರೇನ? ಇದನ್ನ ಬಿಚ್ಚತೀನಿ ತಡೀರಿ," ಎಂದು ಕತ್ತರಿ ತೆಗೆದುಕೊಂಡರು.

ನಾನು ಅವರ ಕೈ ಹಿಡಿದೆ. "ಕೈ ಹಚ್ಚಬ್ಯಾಡ್ರಿ. ಅದು ಇರಬೇಕು," ಅಂದೆ.