ಕೈ ಎತ್ತಿದ್ದು ಯಾವ ನೋಝಲಿಗೆ

ಜಾಲ್ಸೂರಿನ ರಸ್ತೆ ಬದಿಯಲ್ಲಿ ನನ್ನ ಗಂಡನ ಟ್ರ್ಯಾಕ್ಟರ್ ಗ್ಯಾರೇಜು. ಇಂಜಿನ್ ಶಬ್ದ ಕೇಳಿಯೇ ಕಾಯಿಲೆ ಹೇಳುತ್ತಾರೆ ಎಂದು ಜನ ಬರುವುದು. ಎರಡು ವರ್ಷದಿಂದ ಅವರಿಗೆ ಕಿವಿ ಸರಿ ಇಲ್ಲ. ಹೊರಗೆ ಗೊತ್ತಾದರೆ ಯಾರೂ ಬರಲಿಕ್ಕಿಲ್ಲ ಎಂಬ ಹೆದರಿಕೆಯಿಂದ, ಶಬ್ದ ಕೇಳಿ ಹೇಳಲಿಕ್ಕೆ ಇಂಜಿನ್ ಹತ್ತಿರ ನನ್ನನ್ನು ನಿಲ್ಲಿಸಿಕೊಳ್ಳುತ್ತಿದ್ದರು. ನಾನು ಓದಿದ್ದು ಎರಡನೇ ಕ್ಲಾಸು. ಇಂಜಿನ್ ನನಗೆಂತ ಗೊತ್ತು?

ಕಳೆದ ಬೇಸಿಗೆಯಲ್ಲಿ ಕೆದಂಬಾಡಿಯವರೊಬ್ಬರು ಟ್ರ್ಯಾಕ್ಟರ್ ತಂದರು. ಕಪ್ಪು ಹೊಗೆ, ಎಳೆಯುವ ಶಕ್ತಿ ಇಲ್ಲ. ಮೂರರಲ್ಲಿ ಯಾವುದೋ ಒಂದು ನೋಝಲ್ ಡೀಸೆಲನ್ನು ಸಿಂಪಡಿಸದೆ ಸುರಿಯುತ್ತಿದೆ ಎಂದರು ಗಂಡ. ಇಂಜಿನ್ ಓಡುವಾಗಲೇ, ನೋಝಲಿಗೆ ಡೀಸೆಲ್ ಹೋಗುವ ಮೂರು ಪೈಪುಗಳ ನಟ್ಟನ್ನು ಒಂದೊಂದಾಗಿ ಸಡಿಲಿಸುತ್ತಾರೆ, ಶಬ್ದದಲ್ಲಿ ಕೆಟ್ಟದ್ದು ಗೊತ್ತಾದಾಗ ನಾನು ಕೈ ಎತ್ತಬೇಕು.

ಮೊದಲನೆಯದಕ್ಕೇ ಇಂಜಿನ್ ಉಸಿರು ಕಟ್ಟಿದ ಹಾಗೆ ಮುಗ್ಗರಿಸಿತು. ನೋವಿದ್ದ ಜಾಗ ಮುಟ್ಟಿದರೆ ತಾನೆ ಕೂಗುವುದು? ಕೈ ಎತ್ತಿದೆ. ಅದನ್ನು ಬಿಚ್ಚಿ ಪುತ್ತೂರಿಗೆ ಕಳಿಸಿ ಪರೀಕ್ಷೆ ಮಾಡಿಸಿದರೆ ಏನೂ ತೊಂದರೆ ಇಲ್ಲವಂತೆ.

ಆ ಸಂಜೆ ಗಂಡ ಬಿಡಿಸಿ ಹೇಳಿದರು. ನಟ್ಟು ಸಡಿಲಿಸಿ, ಕೆಲಸ ಮಾಡುವ ನೋಝಲನ್ನು ನಿಲ್ಲಿಸಿದರೆ ಶಬ್ದ ಬೀಳುತ್ತದೆ, ಮೊದಲೇ ಕೆಲಸ ಮಾಡದ್ದನ್ನು ನಿಲ್ಲಿಸಿದರೆ ಏನೂ ಬದಲಾಗುವುದಿಲ್ಲ. ಅಂದರೆ ಸುಮ್ಮನಿದ್ದದ್ದೇ ಕೆಟ್ಟದ್ದು. ತಲೆಗೆ ಹೋಯಿತು, ಕಿವಿಗೆ ಹೋಗಲಿಲ್ಲ. ಮರುದಿನ ಎರಡನೆಯದೂ ಮೂರನೆಯದೂ ನನಗೆ ಒಂದೇ ಗಲಾಟೆ. ಟ್ರ್ಯಾಕ್ಟರಿನವರು ಬೇಸತ್ತು, ಸುಳ್ಯದಲ್ಲೇ ತೋರಿಸುತ್ತೇನೆ ಎಂದರು. ಗಂಡನಿಗೆ ಅದು ಕೇಳಲಿಲ್ಲ. ನನ್ನ ಕೈಯನ್ನೇ ನೋಡುತ್ತಿದ್ದರು.

"ಇವರಿಗೆ ಕಿವಿ ಕೇಳುದಿಲ್ಲ. ನನಗೆ ಶಬ್ದ ತಿಳಿಯುದಿಲ್ಲ," ಎಂದೆ ನಾನು. "ದಿನಾ ಓಡಿಸುದು ನೀವಲ್ವಾ? ನೀವೇ ಕೇಳಿ."

"ಎಂತ ಅಕ್ಕ, ಇದನ್ನು ಮೊದಲೇ ಹೇಳುದಲ್ವಾ?"

ಗಂಡ ಮತ್ತೆ ನಟ್ಟು ಸಡಿಲಿಸಿದಾಗ ಅವರು ಬಾಗಿ ನಿಂತು ಕೇಳಿ, ಶಬ್ದ ಬದಲಾಗದ ಮೂರನೆಯದಕ್ಕೆ ಬೆರಳು ತೋರಿಸಿದರು. ಬಿಚ್ಚಿದರೆ ಅದರ ತುದಿ ಪೂರಾ ಮಸಿ ಕಟ್ಟಿತ್ತು. ಹೊಸ ತುದಿ ಹಾಕಿದ ಮೇಲೆ ಹೊಗೆ ನಿಂತಿತು.

ಗುಟ್ಟು ಹೊರಗೆ ಹಾಕಿದ್ದಕ್ಕೆ ಗಂಡ ನಾಲ್ಕು ದಿನ ನನ್ನಲ್ಲಿ ಮಾತಾಡಲಿಲ್ಲ. ಐದನೇ ದಿನ ನರಿಮೊಗರಿನಿಂದ ಒಂದು ಟ್ರ್ಯಾಕ್ಟರ್ ಬಂತು. ಕೆದಂಬಾಡಿಯವರೇ ಹೇಳಿ ಕಳಿಸಿದ್ದಂತೆ. "ನನಗೆ ಕಿವಿ ಸಾಲುದಿಲ್ಲ ಮಾರಾಯ್ರೆ, ಹತ್ತಿರ ನಿಂತು ನೀವೇ ಹೇಳಿ," ಎಂದು ಗಂಡ ಡ್ರೈವರಿಗೆ ಹೇಳಿದರು. ನನ್ನನ್ನು ಕರೆಯಲಿಲ್ಲ. ಸಿಟ್ಟು ಇಳಿಯಿತೋ, ಇನ್ನು ನಾನೇ ಬೇಡವೋ, ಗೊತ್ತಾಗಲಿಲ್ಲ. ಊಟಕ್ಕೆ ಕೂತಾಗ ಬಾಯಿಬಿಟ್ಟೇ ವಿಚಾರಿಸಿದೆ. ಕೇಳಲಿಲ್ಲ ಎಂಬ ಹಾಗೆ ಅವರು ಕಿವಿಯ ಕಡೆ ಬೆರಳು ತೋರಿಸಿ, ಸಾರು ಬಡಿಸಲಿಕ್ಕೆ ಬಟ್ಟಲು ಮುಂದೆ ಮಾಡಿದರು.